ಚಲುವಮ್ಮನ ಸೂಜಿ ಪುಸ್ತಕ

ಈಗೀಗ ಯಾವ ಗೋಡೆ ಕಂಡರೂ ನಾನು ಮೊದಲು ಬಿರುಕು ಹುಡುಕುತ್ತೇನೆ. ಮಗುವಿನ ತೊಟ್ಟಿಲನ್ನು ಗೋಡೆಯಿಂದ ಎಳೆದು ಕೋಣೆಯ ನಡುವೆ ಇಟ್ಟಿದ್ದೇನೆ. ಇಟ್ಟ ಮೇಲೆ ತಾರಸಿಯ ಚಿಂತೆ ಹತ್ತುತ್ತದೆ.

ಕುಶಾಲನಗರದ ಹೊರಗಿನ ನಮ್ಮ ಗಾರ್ಮೆಂಟ್ಸ್ ಕಟ್ಟಡ ಕುಸಿದು ಹನ್ನೆರಡು ದಿನವಾಯಿತು. ಸತ್ತ ಹದಿನಾಲ್ಕು ಹೆಂಗಸರಲ್ಲಿ ಶಿರಂಗಾಲದ ಚಲುವಮ್ಮನೂ ಒಬ್ಬರು.

ಅವರದು ಸೂಜಿಯ ಉಸ್ತುವಾರಿ. ನಮ್ಮಲ್ಲಿ ಹೊಲಿಯುತ್ತಿದ್ದುದು ಮಕ್ಕಳ ಬಟ್ಟೆ. ಸೂಜಿ ಮುರಿದರೆ ಚೂರೆಲ್ಲ ಸಿಗುವವರೆಗೆ ಆ ಸಾಲಿನವರು ಯಾರೂ ಏಳುವಂತಿಲ್ಲ. ಸಿಕ್ಕ ಚೂರನ್ನು ಪುಸ್ತಕಕ್ಕೆ ಅಂಟಿಸಿ, ಮುರಿದ ಕಾರಣ ಬರೆದು, ಸಂಜೆ ಓನರ್ ಶಿವಪ್ರಕಾಶ್ ಅವರ ಸಹಿ ಹಾಕಿಸಬೇಕು. ಆ ಪುಟಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದು. ನನ್ನ ಹೆರಿಗೆ ರಜೆಯಲ್ಲೂ ಚಲುವಮ್ಮ ದಿನಾ ಪುಟದ ಫೋಟೊ ಕಳಿಸುತ್ತಿದ್ದರು, ನಾನು ಮನೆಯಿಂದಲೇ ಏರಿಸುತ್ತಿದ್ದೆ.

ಏಳನೇ ಕ್ಲಾಸಿನವರೆಗಷ್ಟೇ ಓದಿದ್ದರೂ ಅವರ ಅಕ್ಷರ ದುಂಡಗೆ. ಮಗು ನೋಡಲು ಹಾರಂಗಿ ಹೊಳೆಯ ಮೀನು ತಂದಿದ್ದರು. "ಮೈಸೂರಲ್ಲಿ ಓದಿದ್ದೇ ಬಂತು! ಮಗ ಸೀನಿದ್ರೂ ಮೊಬೈಲ್ ನೋಡ್ತೀಯಲ್ಲವ್ವ" ಎಂದು ನಕ್ಕಿದ್ದರು.

ಕೊನೆಯ ತಿಂಗಳು ಕಾರಣದ ಜಾಗದಲ್ಲಿ ಹೆಚ್ಚುಕಡಿಮೆ ಒಂದೇ ಮಾತು: ಜನರೇಟರ್ ಹಾಕಿದಾಗ ನೆಲ ಅದುರಿ ಮೆಷಿನ್ ಅಲುಗಿತು, ಕಂಬದಲ್ಲಿ ಬಿರುಕು. ಕೆಳಗೆ ಓನರ್ ಸಹಿ. ಏನಿದು ಎಂದು ಫೋನಿನಲ್ಲಿ ಕೇಳಿದ್ದೆ.

"ಓನರಿಗೆ ಬಾಯಲ್ಲೂ ಹೇಳಿದ್ದೀನಿ ಕಣವ್ವ. 'ನೀನು ಸೂಜಿ ನೋಡ್ಕೊ ಚಲುವಮ್ಮ, ಕಂಬ ನಾನು ನೋಡ್ಕೋತೀನಿ' ಅಂದ್ರು."

ನಾನು ಟೈಪ್ ಮಾಡಿ ಸುಮ್ಮನಾದೆ.

ಕಟ್ಟಡ ಕುಸಿದ ದಿನ ಬೆಳಿಗ್ಗೆ ಕಂಬ ಲಟಲಟ ಎಂದಾಗ ಮುರಿದ ಸೂಜಿಯ ಒಂದು ಚೂರು ಸಿಕ್ಕಿರಲಿಲ್ಲವಂತೆ. ಎದ್ದವರನ್ನು ಚಲುವಮ್ಮ, "ಒಂದು ನಿಮಿಷ ಕುಂತ್ಕಳ್ರೇ, ಯಾವ ಮಗೀಗೆ ಚುಚ್ಚುತ್ತೋ" ಎಂದು ಕೂರಿಸಿದರು. ಬದುಕುಳಿದ ಯಮುನ ಹೇಳಿದ್ದು ಇದು. ಓನರ್ ಅದನ್ನೇ ಹಿಡಿದುಕೊಂಡು ಪೊಲೀಸರಿಗೆ, ಬಿರುಕಿನ ವಿಷಯ ತನಗೆ ಗೊತ್ತೇ ಇಲ್ಲ, ಜನ ಸತ್ತದ್ದು ಚಲುವಮ್ಮನಿಂದ ಎಂದಿದ್ದಾರೆ. ಪುಸ್ತಕ ಅವಶೇಷದಲ್ಲಿ ಸಿಕ್ಕಿಲ್ಲ.

ನನ್ನ ಗಂಡ ಮಹೇಶ್ ಓನರ್ ಕಾರಿನ ಡ್ರೈವರ್. "ಫೋಟೊ ಅಳಿಸ್ಬಿಡು. ನನ್ನ ಕೆಲ್ಸ ಹೋದ್ರೆ ಮಗೀಗೆ ಏನು ತಿನ್ನಿಸ್ತೀಯ?" ಎಂದು ದಿನಾ ಕೇಳುತ್ತಾರೆ. ಅಳಿಸಲು ಬೆರಳು ಏಳುವುದಿಲ್ಲ.

ಇವತ್ತು ಚಲುವಮ್ಮನ ಗಂಡ ಜವರಯ್ಯ ಬಂದರು. ಕರೆದರೂ ಒಳಗೆ ಬರಲಿಲ್ಲ.

"ನಿನ್ನೆ ಅವಳ ತಿಥಿಗೆ ಊರೋರು ಯಾರೂ ಬರ್ಲಿಲ್ಲ ಕಣವ್ವ. ಮಾಡಿದ ಅನ್ನ ದನಕ್ಕೆ ಹಾಕ್ದೆ. ಹದಿಮೂರು ಜನಾನ ಕೊಂದೋಳು ಅಂತಾರೆ. ನೀನು ಆಫೀಸ್‌ನೋಳು, ಓದಿದೋಳು. ನೀನೇ ಹೇಳು, ಅವಳು ಅಂಥೋಳಾ?"

"ಅಲ್ಲ" ಎಂದೆ. ಅವರು ತಲೆಯಾಡಿಸಿ ಗೇಟು ದಾಟಿದರು.

ಮಗು ಅಳುತ್ತಿತ್ತು. ಎತ್ತಿಕೊಂಡು, ಒಂದು ಕೈಯಲ್ಲೇ ಇನ್ಸ್‌ಪೆಕ್ಟರ್ ನಂಬರ್ ಒತ್ತಿದೆ.

"ಸರ್, ಓನರ್‌ಗೆ ಗೊತ್ತಿತ್ತು. ಅವರ ಸಹಿ ಇರೋ ಪುಟಗಳ ಫೋಟೊ ನನ್ನ ಹತ್ರ ಇದೆ." ಮಗುವನ್ನು ಭುಜಕ್ಕೆ ಒರಗಿಸಿಕೊಂಡೆ. "ನನಗೂ ಗೊತ್ತಿತ್ತು ಸರ್. ಅದನ್ನೂ ಬರ್ಕೊಳ್ಳಿ."