ಸಿಲೋನಿನ ಗುಡ್ಡದಲ್ಲಿ ನಮ್ಮ ಮುನಿಯಪ್ಪ

ಸಿಲೋನಿಗೆ ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಎದುರಿನ ಗುಡ್ಡ ಇರಲಿಲ್ಲ. ಹಿಂದಿನ ಸಂಜೆ ಕಣ್ಣಾರೆ ಕಂಡಿದ್ದೆ, ಬೆಳಗಾಗುವಷ್ಟರಲ್ಲಿ ಮಾಯ. ನಾನು ಕೊರಟಗೆರೆ ಹತ್ತಿರದವಳು. ನಮ್ಮ ಹಿತ್ತಲಲ್ಲಿ ನಿಂತರೆ ಮಧುಗಿರಿ ಬೆಟ್ಟ ಕಾಣುತ್ತದೆ, ಮಳೆಗಾಲ ಬೇಸಗೆ ಎನ್ನದೆ ಕೂತಲ್ಲೇ ಕೂತಿರುತ್ತದೆ. ಗುಡ್ಡವೂ ಎದ್ದು ಹೋಗಬಹುದೆಂದು ನನಗೆ ಯಾರೂ ಹೇಳಿರಲಿಲ್ಲ. ನಮ್ಮವರು ನಕ್ಕು, ಅದು ಮಂಜು, ಹೊತ್ತೇರಿದರೆ ಸರಿಯುತ್ತದೆ ಎಂದರು. ಹೊತ್ತೇನೋ ಏರಿತು, ಮಂಜು ಸರಿಯಲಿಲ್ಲ.

ನಮ್ಮವರು ಇಲ್ಲಿನ ಚಹಾ ತೋಟದ ಆಸ್ಪತ್ರೆಯಲ್ಲಿ ಕಾಂಪೌಂಡರು. ಕರಾರು ಮುಗಿಯುವ ತನಕ ಊರಿಗೆ ಹಿಂದಿರುಗುವಂತಿಲ್ಲ. ಇದನ್ನು ಅವರು ನನಗೆ ಹೇಳಿದ್ದು ಧನುಷ್ಕೋಟಿಯಲ್ಲಿ ಹಡಗು ಹತ್ತಿದ ಮೇಲೆ. ಅಲ್ಲಿ ಇಳಿಯುವುದಾದರೂ ಎಲ್ಲಿಗೆ?

ನಮ್ಮದು 'ಲಯ'ದ ಕೊನೆಯ ಮನೆ. ಒಂದೇ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತ ಕೂಲಿಕಾರರ ಕೋಣೆಗಳಿಗೆ ಇಲ್ಲಿ ಲಯ ಎನ್ನುತ್ತಾರೆ. ಆ ತುದಿಯಲ್ಲಿ ಒಬ್ಬರು ಕೆಮ್ಮಿದರೆ ಈ ತುದಿಯಲ್ಲಿ ನಾವು ಏಳಬೇಕು. ನಮ್ಮ ಕಡೆ ಬಂಡೆಯ ಮೇಲೆ ಸೀರೆ ಹರವಿ, ಇನ್ನೊಂದನ್ನು ಹಿಂಡುವಷ್ಟರಲ್ಲಿ ಮೊದಲನೆಯದು ಗರಿಗರಿಯಾಗಿರುತ್ತದೆ. ಇಲ್ಲಿ ಒದ್ದೆ ಸೀರೆಯನ್ನು ಒಲೆಯ ಮುಂದೆ ಹಿಡಿದು ಕೂರಬೇಕು, ಹೊಗೆಯ ವಾಸನೆ ಸಮೇತ ಉಡಬೇಕು. ಪಾವಗಡದ ಕಡೆಯವರು ನೆರಳು ಹುಡುಕಿಕೊಂಡು ಹೋಗುವಂತೆ ಇಲ್ಲಿ ನಾನು ಬಿಸಿಲು ಹುಡುಕುತ್ತೇನೆ. ಒಂದು ಗೆಲುವನ್ನಂತೂ ಹೇಳಲೇಬೇಕು. ರಾಗಿಯಿಲ್ಲದೆ ಬಾಯಿ ಕೆಟ್ಟಿದ್ದಾಗ, ಪೇಟೆಯಲ್ಲಿ 'ಕುರಕ್ಕನ್' ಎಂದು ಮಾರುತ್ತಿದ್ದ ಮೂಟೆಗೆ ಕೈ ಹಾಕಿದೆ. ನಮ್ಮ ರಾಗಿಯೇ! ಆ ದಿನ ಇಬ್ಬರೂ ಮುದ್ದೆ ಉಂಡು ಬೆರಳು ನೆಕ್ಕಿದೆವು.

ಮನೆಯ ಹಿಂದೆ ಹಳ್ಳ. ಹಳ್ಳದ ಈಚೆ ಒಂದಿಷ್ಟು ಮರಗಳ ಗುಂಪು, ಆಚೆ ಸರ್ಕಾರದ ದೊಡ್ಡ ಕಾಡು. ಮೊದಲು ಎರಡೂ ಒಂದೇ ಆಗಿತ್ತಂತೆ; ಚಹಾ ನೆಡಲು ಕಡಿಯುತ್ತ ಬಂದು ಇಷ್ಟು ಉಳಿದಿತ್ತು. ಒಂದು ಮುಸ್ಸಂಜೆ ಆ ಮರಗಳಲ್ಲಿ ಎರಡು ದುಂಡು ಕಣ್ಣು ಕಂಡವು. ಪಕ್ಕದ ಮನೆಯ ಮುತ್ತಮ್ಮ 'ತೇವಾಂಗು' ಎಂದಳು. ಅವಳು ಹೊಸೂರ ಕಡೆಯವಳು, ಕನ್ನಡ ಬಲ್ಲಳು, ಎಲೆ ಕೀಳುವ ಕೆಲಸ. ನನಗೆ ಹೆಸರು ಬೇಕಿರಲಿಲ್ಲ. ಅದು ನಮ್ಮ ಕಾಡುಪಾಪ. ಊರಿನ ಹುಣಸೆ ಮರದಲ್ಲಿ ಕಂಡರೆ ಅಪಶಕುನವೆಂದು ಹಿರಿಯರು ಬೈಯುತ್ತಿದ್ದರು. ಇಲ್ಲಿ ತವರಿನವರು ಬಂದಂತಾಗಿ ನಿಂತಲ್ಲೇ ಅತ್ತುಬಿಟ್ಟೆ. ನಮ್ಮೂರಿನದು ತೆಳ್ಳಗೆ, ಕಡ್ಡಿಕಾಲು. ಇದು ಚಳಿಗೆ ಕಂಬಳಿ ಹೊದ್ದಂತೆ ದಪ್ಪ ಕೂದಲಿನದು, ಗಿಡ್ಡ ಕಾಲಿನದು. ತೋಟದ ಯಜಮಾನ ಬಿಳಿಯ ದೊರೆಯ ಮನೆಗೆ ಬಂದ ಪಂಡಿತರೊಬ್ಬರು, ಈ ಬಗೆಯದು ಈ ದ್ವೀಪದ ಎತ್ತರದ ಕಾಡು ಬಿಟ್ಟು ಲೋಕದಲ್ಲೇ ಇಲ್ಲ, ಕಾಡು ಹೋದರೆ ಇದೂ ಹೋಯಿತು ಎಂದರಂತೆ. ಹೇಳಿ, ಚಹಾ ಕುಡಿದು ಹೋದರು.

ಕಾಡುಪಾಪ ಜಿಗಿಯಲಾರದು. ಕೊಂಬೆಯಿಂದ ಕೊಂಬೆಗೆ ಕೈಯಿಟ್ಟೇ ದಾಟಬೇಕು. ಹಳ್ಳದ ಮೇಲೆ ಚಾಚಿದ ಕೊಂಬೆಯ ತುದಿಗೆ ಬರುವುದು, ಗಾಳಿಯಲ್ಲಿ ಕೈಯಾಡಿಸುವುದು, ಏನೂ ಸಿಗದೆ ಮೆಲ್ಲಗೆ ಹಿಂದಿರುಗುವುದು. ದಿನಾ ಇದನ್ನೇ ನೋಡುತ್ತಿದ್ದೆ. ನನ್ನ ಕಥೆಯೂ ಅದೇ ತಾನೆ?

ಆ ಮರಗಳನ್ನೂ ಕಡಿಯಲು ದೊರೆಯ ಅಪ್ಪಣೆಯಾಯಿತು. ಕಾಂಪೌಂಡರ ಹೆಂಡತಿಯ ಮಾತನ್ನು ಯಾರು ಕೇಳುತ್ತಾರೆ? ಆಗ ನೆನಪಾದದ್ದು ನಮ್ಮೂರು ಕಾಯುವ ದೇವರು ಮುನಿಯಪ್ಪನ ತೋಪು. ಅಲ್ಲಿ ಒಲೆಗೆಂದು ಒಣಗಿದ ಪುಳ್ಳೆಯನ್ನೂ ಯಾರೂ ಮುಟ್ಟುವುದಿಲ್ಲ. ಹಳ್ಳದಿಂದ ಒಂದು ಕಲ್ಲು ತಂದು ಮರದ ಬುಡದಲ್ಲಿ ನೆಟ್ಟು, ಅರಿಶಿನ ಬಳಿದು, ಕುಂಕುಮ ಇಟ್ಟೆ. ಕೊರಳಲ್ಲಿ ಲಿಂಗ ಕಟ್ಟಿದವಳು ಕಲ್ಲಿಗೆ ಕೈ ಮುಗಿದದ್ದನ್ನು ನಮ್ಮತ್ತೆ ಕಂಡಿದ್ದರೆ ಮನೆಯೊಳಗೆ ಸೇರಿಸುತ್ತಿರಲಿಲ್ಲ. ಆಮೇಲೆ ಮುತ್ತಮ್ಮನಿಗೆ ಹೇಳಿದೆ:

"ಕನಸಲ್ಲಿ ಮುನಿಯಪ್ಪ ಬಂದಿದ್ದ ಕಣಮ್ಮ. ಹಳ್ಳದ ಮ್ಯಾಲಿನ ಮರ ನಂದು, ಕೊಡ್ಲಿ ಹಾಕ್ದೋರ ಮನೇಲಿ ದೀಪ ಇರಾಕಿಲ್ಲ ಅಂದ."

ಅವಳು ಅದನ್ನು ತಮಿಳಿನಲ್ಲಿ ಲಯಕ್ಕೆಲ್ಲ ಹೇಳಿದಳು. ನಮ್ಮ ಮುನಿಯಪ್ಪನೇ ಅವರ ಮುನೀಶ್ವರ, ಅವರಿಗೂ ದೇವರೇ. ಬೆಳಿಗ್ಗೆ ಯಾರೂ ಕೊಡಲಿ ಎತ್ತಲಿಲ್ಲ. ಕೂಲಿಕಾರರ ಮೇಲಿನ ಮೇಸ್ತ್ರಿ 'ಕಂಗಾಣಿ' ಮೊದಲಿಗನಾಗಿ ಅಡ್ಡಬಿದ್ದ. ಕೆಲಸ ನಿಲ್ಲುವುದು ಬೇಡವೆಂದು ದೊರೆ ಆ ಮರಗಳನ್ನು ಬಿಟ್ಟುಕೊಟ್ಟ. ಊರು ಬಿಟ್ಟ ಮೇಲೆ ಅಂದೇ ನಾನು ಮೊದಲ ಸಲ ತಲೆಯೆತ್ತಿ ನಡೆದದ್ದು.

ಆದರೆ ದೇವರೆಂದ ಮೇಲೆ ಭಕ್ತರು ಸುಮ್ಮನಿರುತ್ತಾರೆಯೇ? ಪೊಂಗಲ್ ಇಡಲು ಪೊದೆ ಸವರಿದರು. ಸಾಮಿಗೆ ಬೆಳಕು ಬೀಳಲೆಂದು ಬಳ್ಳಿಗಳನ್ನು ಕಡಿದರು. ಕರ್ಪೂರ, ಹೊಗೆ, ತಮಟೆ. ಒಂದು ಮರದಿಂದ ಇನ್ನೊಂದಕ್ಕೆ ಇದ್ದ ದಾರಿಯನ್ನೇ ಭಕ್ತಿಯಿಂದ ಕಿತ್ತು ಹಾಕಿದರು. ದೇವರು ಸುಳ್ಳೆಂದರೆ ಕೊಡಲಿ ಬರುತ್ತದೆ. ನಿಜವೆಂದರೆ ಹೊಗೆ ಬರುತ್ತದೆ. ಅಷ್ಟರಲ್ಲಿ ಮುತ್ತಮ್ಮನ ಮಗಳ ಜ್ವರ ಹರಕೆ ಹೊತ್ತ ಮೇಲೆ ಬಿಟ್ಟಿತ್ತು. ಅವಳ ಮುಂದೆ ಸುಳ್ಳೆನ್ನಲು ನನಗೆ ನಾಲಿಗೆ ಬರಲಿಲ್ಲ.

ಮತ್ತೆ ಕನಸು ಕಾಣಬೇಕಾಯಿತು. ಕಲ್ಲಿನ ಹಿಂದೆ ಯಾರೂ ಕಾಲಿಡಬಾರದು, ಹೊತ್ತು ಮುಳುಗಿದ ಮೇಲೆ ತಮಟೆ ಕೂಡದು, ಹಳ್ಳದ ಕಡೆ ಬಳ್ಳಿ ಬೆಳೆಸಬೇಕು. ನಾನು ಕನ್ನಡದಲ್ಲಿ ಹೇಳುವುದು, ಮುತ್ತಮ್ಮ ತಮಿಳು ಮಾಡುವುದು. ನಾನೇ ಬಳ್ಳಿ ನೆಟ್ಟು, ಬಿದಿರಿಗೆ ಹಬ್ಬಿಸಿ, ಹಳ್ಳದ ಆಚೆಯ ಮರದ ಕಡೆಗೆ ತಿರುಗಿಸಿದೆ. ಅದು ಆ ಮರವನ್ನು ಮುಟ್ಟಿದರೆ ಕಾಡುಪಾಪಗಳು ದೊಡ್ಡ ಕಾಡಿಗೆ ದಾಟಿಯಾವು.

ಅಷ್ಟರಲ್ಲಿ ಕರಾರು ಮುಗಿಯಿತು. ನಮ್ಮವರು ಬಂದು, "ಸಿರಾ ಆಸ್ಪತ್ರೇಲಿ ಜಾಗ ಐತಂತೆ ಕಣೆ. ಹೊರಡಾನಾ?" ಎಂದರು. ಇದೊಂದು ಮಾತಿಗಾಗಿ ನಾನು ಎಷ್ಟು ಕಾದಿದ್ದೆ! ಓಡಿಹೋಗಿ ಮುತ್ತಮ್ಮನಿಗೆ, ನಾನಿಲ್ಲದಿದ್ದರೂ ಬಳ್ಳಿ ಕಡಿಯದಂತೆ ನೋಡಿಕೋ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಅಮ್ಮಾ, ನಾನ್ ಹೇಳಿದ್ರೆ ಯಾರ್ ಕೇಳ್ತಾರೆ? ಸಾಮಿ ಹೇಳ್ಬೇಕು. ಸಾಮಿಗೆ ನಿಮ್ ಭಾಷೆ ಬಿಟ್ಟು ಬೇರೆ ಬರಲ್ವಲ್ಲ."

ಊರಿನಲ್ಲಿ ನನಗೆ ತವರಿದೆ, ಬಿಸಿಲಿದೆ, ಬೆಳಿಗ್ಗೆ ಎದ್ದರೆ ಇದ್ದಲ್ಲೇ ಇರುವ ಬೆಟ್ಟವಿದೆ. ಇಲ್ಲಿರುವುದು ನಾನೇ ತಂದ ಒಬ್ಬ ದೇವರು. ನಾನು ಹೋದರೆ ಅವನು ಮೂಗ. ಅಲ್ಲಿಯವಳೇ ನಾನು, ಅದರಲ್ಲಿ ಸಂಶಯವಿಲ್ಲ. ಆದರೆ ಇಲ್ಲಿಂದ ಕಾಲು ಕೀಳಲಾರೆ. ಬಳ್ಳಿ ಆಚೆ ಮುಟ್ಟಲಿ, ಆಮೇಲೆ ಹೋಗೋಣ ಎಂದೆ. ನಮ್ಮವರು ಮತ್ತೆ ಕರಾರಿಗೆ ರುಜು ಹಾಕಿದರು.

ಸಿರಾದ ಜಾಗಕ್ಕೆ ಬೇರೆ ಯಾರೋ ಬಂದರಂತೆ. ಬಳ್ಳಿ ಇನ್ನೂ ಹಳ್ಳದ ನಡುವೆಯೇ ತೂಗುತ್ತಿದೆ.