ಎಡಗೈ ಯಾಕ, ಮಾಸ್ತರ್ರ?

ಕಳೆದ ಸೋಮವಾರ, ಹಾಡಹಗಲೇ, ಕೆರೂರಿನ ಹೊರಗಿನ ಹೊಲದಲ್ಲಿ ಒಬ್ಬ ಕುರಿಗಾರ ನನ್ನನ್ನು ಗಾಳಿಗೆ ಬೆನ್ನು ಮಾಡಿ ನಿಲ್ಲಿಸಿ ಎಡಗೈ ಎತ್ತಿಸಿದ. ಬಸ್ಸಿನಲ್ಲಿ ಹೋಗುತ್ತಿದ್ದವರು ಕಿಟಕಿಯಿಂದ ನೋಡಿ ನಕ್ಕರು. ನಗಲಿ ಬಿಡಿ.

ಆತ ಮಾಳಪ್ಪ. ಅವನ ಮಗಳು ರೇಣುಕಾ ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. (ನಾನು ವಿಜ್ಞಾನದ ಮಾಸ್ತರನಾಗಿ ರಿಟೈರ್ ಆದವನು. ಇದನ್ನು ನಿಮಗೆ ಎಷ್ಟು ಸಲ ಹೇಳಿದ್ದೇನೋ!) ಹುಡುಗಿಗೆ ಪೈಲಟ್ ಆಗುವ ಹಟ. ವಿಮಾನ ಹಾರಿಸಲು ಲೈಸೆನ್ಸ್ ಬೇಕು, ಲೈಸೆನ್ಸಿಗೆ ಲಿಖಿತ ಪರೀಕ್ಷೆಗಳು. ಉಳಿದ ಪೇಪರ್ ಎಲ್ಲ ಪಾಸು. ಹವಾಮಾನದ್ದೊಂದು ಫೇಲು.

ತಪ್ಪು ಯಾರದು? ನನ್ನದು. 'ಕ್ವೆಶ್ಚನ್ ಬ್ಯಾಂಕ್ ಪೂರ್ತಿ ಬಾಯಿಪಾಠ ಮಾಡು, ಕಣ್ಣ ಮುಚ್ಚಿ ಪಾಸಾಗ್ತಿ' ಎಂದು ಸಲಹೆ ಕೊಟ್ಟ ಮಹಾನುಭಾವ ನಾನೇ. ಹುಡುಗಿ ಅಕ್ಷರಶಃ ಪಾಲಿಸಿದಳು. ಗಾಳಿಗೆ ಬೆನ್ನು ಮಾಡಿ ನಿಂತರೆ ಕಡಿಮೆ ಒತ್ತಡ ಯಾವ ಕಡೆ? ಎಡಗಡೆ. ಬಾಯಿಪಾಠ! ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು, 'ಭೂಮಧ್ಯರೇಖೆಯ ದಕ್ಷಿಣಕ್ಕೆ ನಿಂತರೆ' ಎಂಬ ಬಾಲ ಕಟ್ಟಿಕೊಂಡು. ಇವಳು ಬಾಲ ನೋಡಲಿಲ್ಲ, ಕಂಪ್ಯೂಟರಿನಲ್ಲಿ ಎಡಗಡೆ ಅಂತಲೇ ಒತ್ತಿ ಬಂದಳು. ಅಂಥವು ಇನ್ನೂ ಎಷ್ಟೋ.

'ಇನ್ನೊಂದ ಸಲ ಬರೀತೇನ್ರಿ ಸರ್. ಆಗಲಿಲ್ಲಂದ್ರ ಬ್ಯಾಂಕ್ ನೌಕರಿ ಪರೀಕ್ಷಾಕ್ಕ ಕೂಡ್ತೇನಿ' ಎಂದಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ದಾರಿ ತೋರಿಸಿದವನು ಅಪ್ಪ. ಪುಸ್ತಕ ಓದಲು ಬಾರದ ಮನುಷ್ಯ. ಆದರೆ ಉಣ್ಣೆಯ ಒಂದು ಎಳೆ ತೂರಿ, ಗಾಳಿ ನೋಡಿಯೇ ಕುರಿ ಎಲ್ಲಿ ನಿಲ್ಲಿಸಬೇಕೆಂದು ನಿರ್ಧರಿಸುವವನು. ಬೆಳಿಗ್ಗೆ ಕುರಿ ಹಿಂದೆ ನಡೆಯುತ್ತ ಮಗಳಿಗೆ ಷರತ್ತು ಹಾಕಿದ.

'ಗಾಳಿ, ಮೋಡ ಅಂದ್ರ ನನ್ನ ಕೆಲಸನ ಆತಲ್ಲವಾ. ನನಗ ತಿಳಿಯೂ ಹಂಗ ಹೇಳು. ನಾ ಹೂಂ ಅನ್ನೂತನಕ ಹಾಳಿ ತಿರುವಬ್ಯಾಡ.'

ಸುಲಭಕ್ಕೆ ಹೂಂ ಅನ್ನುವ ಆಸಾಮಿಯೇ ಅವನು? 'ಎಡಗಡೇನ ಯಾಕ?' ಎಂಬ ಒಂದೇ ಪ್ರಶ್ನೆಗೆ ಹುಡುಗಿ ಎರಡು ದಿನ ತಡಕಾಡಿದಳಂತೆ. ಇಂಗ್ಲಿಷಿನಲ್ಲಿ ಓದುವುದು, ಕೆರೂರ ಕನ್ನಡದಲ್ಲಿ ಹೇಳುವುದು, ಬೈಸಿಕೊಳ್ಳುವುದು, ಮತ್ತೆ ಓದುವುದು. ಪುಸ್ತಕ ಮುಗಿಯಲು ನಾಲ್ಕು ತಿಂಗಳು ಹಿಡಿಯಿತು. ಪರೀಕ್ಷೆಗೆ ಹೊರಟಾಗ ಮಾಳಪ್ಪ ಬೀರಪ್ಪ ದೇವರ ಭಂಡಾರದ ಅರಿಶಿನ ಹಣೆಗೆ ಹಚ್ಚಿ ಕಳಿಸಿದ.

ಸೋಮವಾರ ರಿಸಲ್ಟ್. ಪಾಸ್!

ಪೇಢೆ ಹಿಡಿದುಕೊಂಡು ಹೊಲಕ್ಕೇ ಓಡಿದೆ. ರೇಣುಕಾ ನನ್ನ ಕಾಲು ಮುಟ್ಟಲು ಬಂದಳು. 'ಮೊದಲ ನಿಮ್ಮಪ್ಪಂದು' ಎಂದೆ. ಎದೆ ಉಬ್ಬಿತ್ತು. ಸುಳ್ಳು ಯಾಕೆ ಹೇಳಲಿ, ಕಣ್ಣೂ ತುಂಬಿತ್ತು. ನಮ್ಮೂರ ಹುಡುಗಿ ಸ್ವಾಮಿ!

ಆಗಲೇ ಮಾಳಪ್ಪ ನನ್ನನ್ನು ಗಾಳಿಗೆ ಬೆನ್ನು ಮಾಡಿ ನಿಲ್ಲಿಸಿದ್ದು. 'ಎಡಗೈ ಎತ್ರಿ. ಕಡಿಮಿ ಒತ್ತಡ ಆ ಕಡೇನ ಐತಿ. ಯಾಕ ಹೇಳ್ರಿ ಮಾಸ್ತರ್ರ?'

ಇಷ್ಟು ವರ್ಷ ಪಾಠ ಹೇಳಿದವನಿಗೆ ಆ 'ಯಾಕ' ಗೊತ್ತಿರಲಿಲ್ಲ.

'ಗಾಳಿ ಕಡಿಮಿ ಒತ್ತಡದ ಕಡೆ ಹೊಂಟಿರತೈತ್ರಿ. ಭೂಮಿ ತಿರಗತೈತಿ, ಅದಕ್ಕ ನಮ್ಮ ಕಡೆ ಗಾಳಿ ಬಲಕ್ಕ ಹೊಳ್ಳತೈತಿ. ಅಂದಮ್ಯಾಲ ಅದು ಹೋಗಬೇಕಂದಿದ್ದ ಜಾಗಾ ಎಡಕ್ಕ ಉಳೀತಲ್ರಿ? ದಕ್ಷಿಣದಾಗ ಇದರ ಉಲ್ಟಾ.'

ಮಗಳು ಪಕ್ಕದಲ್ಲಿ ನಿಂತು ಹೂಂ ಎಂದಳು.

ಪರೀಕ್ಷೆ ಬರೆದವಳು ಒಬ್ಬಳು, ಪಾಸಾದವರು ಇಬ್ಬರು. ಎಡಗೈ ಎತ್ತಿಕೊಂಡು ನಿಂತ ಈ ಮಾಸ್ತರನನ್ನು ಯಾವ ಕ್ಲಾಸಿಗೆ ಕೂಡಿಸುತ್ತೀರಿ?