ಬಾಳವ್ವನ ಉಳ್ಳಾಗಡ್ಡಿ ಕೌದಿ

ಮೂಡಲಗಿಯಲ್ಲಿ ಕೌದಿ ಹೊಲಿಯುವ ಹೆಂಗಸರಿಗೆ ಬರವಿರಲಿಲ್ಲ. ಆದರೂ ಮಗಳ ಬಾಣಂತನಕ್ಕೆ ಕೌದಿ ಬೇಕೆಂದರೆ ಜನ ಬಾಳವ್ವನ ಮನೆಯನ್ನೇ ಹುಡುಕಿಕೊಂಡು ಬರುತ್ತಿದ್ದರು. ಹಳೆಯ ಸೀರೆ, ಹರಿದ ಧೋತರ, ತೀರಿಹೋದ ಹಿರಿಯರು ತಲೆಗೆ ಸುತ್ತುತ್ತಿದ್ದ ಪಟಗ, ಏನು ತಂದು ಸುರಿದರೂ ಸರಿಯೇ. ಬಾಳವ್ವ ಅದನ್ನೆಲ್ಲ ಕತ್ತರಿಸಿ, ತುಂಡಿಗೆ ತುಂಡು ಕೂಡಿಸಿ, ಪದರದ ಮೇಲೆ ಪದರ ಹಾಸಿ, ಅಂಚಿನಿಂದ ಒಳಕ್ಕೆ ಸುತ್ತುಸುತ್ತಾಗಿ ಹೊಲಿಗೆ ಹಾಕುತ್ತ ಬರುವಳು. ಅವಳ ಹೊಲಿಗೆ ನೇರ, ಮಾತು ಅದಕ್ಕಿಂತ ನೇರ. ಅವಸರ ಮಾಡುವವರಿಗೆ, "ಹಂಗಾರ ಚಾಪಿ ಹೊತಗೊಂಡು ಮಕ್ಕೋರಿ" ಎಂದು ಹೇಳಿ ಕಳಿಸಿಬಿಡುತ್ತಿದ್ದಳು.

ಅವಳದೊಂದು ಪದ್ಧತಿಯಿತ್ತು. ಕೌದಿಯ ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಜೋಳದ ಒಣರೊಟ್ಟಿಯ ಚೂರೊಂದನ್ನು ಒಳಗಿಟ್ಟು ಹೊಲಿಯುವುದು. ಕೌದಿಯ ಹೊಟ್ಟೆ ತುಂಬಿಸುವುದು ಎಂದು ಅದಕ್ಕೆ ಹೆಸರು. ಹಸಿದ ಕೌದಿ ಹೊದ್ದವರ ನಿದ್ದೆಯನ್ನು ತಿನ್ನುತ್ತದೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು. ಅತ್ತೆಯ ಉಳಿದ ಮಾತುಗಳನ್ನೆಲ್ಲ ಬಾಳವ್ವ ಗಾಳಿಗೆ ತೂರಿದ್ದರೂ ಇದೊಂದನ್ನು ಬಿಟ್ಟಿರಲಿಲ್ಲ. ದಿನವೂ ಹೊದೆದು, ಕೊಡವಿ, ಮಡಚುವ ಕೌದಿಗೆ ಇಲಿಯ ಕಾಟವೂ ಇರಲಿಲ್ಲ.

ಗಂಡ ಹೋದ ಮೇಲೆ ಇದೇ ಸೂಜಿಯಿಂದ ಅವಳು ಒಬ್ಬನೇ ಮಗ ಮಾಲಿಂಗಪ್ಪನನ್ನು ಓದಿಸಿದಳು. ಅವನು ಧಾರವಾಡದಲ್ಲಿ ಮಾಸ್ತರಿಕೆಯ ತರಬೇತಿ ಮುಗಿಸಿ, ಊರ ಸಾಲೆಯಲ್ಲೇ ಹಂಗಾಮಿ ಮಾಸ್ತರನಾಗಿ ಬಂದ. ಮಗ ಕೋಟು ಹಾಕಿಕೊಂಡು ಸಾಲೆಗೆ ಹೊರಟರೆ ಬಾಳವ್ವನ ಕಣ್ಣು ತುಂಬುತ್ತಿತ್ತು. ಮಗನಿಗೆ ಮಾತ್ರ ತಾಯಿ ಕಟ್ಟೆಯ ಮೇಲೆ ಕೂತು ಕಂಡವರ ಹಳೆಯ ಬಟ್ಟೆ ಹೊಲಿಯುವುದು ಕಣ್ಣಿಗೆ ಚುಚ್ಚುತ್ತಿತ್ತು. "ಒಳಗ ಕುಂತರ ಹೊಲಿ ಬೇ" ಎನ್ನುತ್ತಿದ್ದ. "ಒಳಗ ಬೆಳಕ ನಿಮ್ಮಪ್ಪ ತಂದಿಟ್ಟಾನೇನು?" ಎಂದು ಅವಳು ಬಾಯಿ ಮುಚ್ಚಿಸುತ್ತಿದ್ದಳು. ಆದರೆ ಮಗನ ಮಾತು ಅವಳ ಒಳಗೆಲ್ಲೋ ನಾಟಿಕೊಂಡಿರುತ್ತಿತ್ತು.

ಹಾಗಿರುವಾಗ, ಮೂವತ್ತಾರನೆಯ ಇಸವಿಯ ಶ್ರಾವಣದಲ್ಲಿ, ಮಾಲಿಂಗಪ್ಪ ಒಂದು ಉಳ್ಳಾಗಡ್ಡಿ ಹಿಡಿದುಕೊಂಡು ಬಂದು ತಾಯಿಯ ಎದುರು ಕೂತ. ಅದನ್ನು ಸೀಳಿ, ಎಸಳಿನ ಒಳಬದಿಯಿಂದ ತೆಳ್ಳನೆಯ ಪೊರೆಯೊಂದನ್ನು ಉಗುರಿನಲ್ಲಿ ಎಬ್ಬಿಸಿ ಬೆಳಕಿಗೆ ಹಿಡಿದ.

"ಇದರಾಗ ಏನ ಕಾಣತೈತಿ, ಯವ್ವಾ?"

"ಕಣ್ಣಾಗ ನೀರ ಬರತೈತಿ. ಮತ್ತೇನ ಕಾಣಬೇಕ?"

ಧಾರವಾಡದಲ್ಲಿ ಅವನು ಇಂಥದೇ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದ. ಸಾಲು ಸಾಲು ಕೋಣೆಗಳು, ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಒಂದೊಂದೂ ಒಂದು ಜೀವಕೋಶ. ಗಿಡ, ದನ, ಮನುಷ್ಯ, ಎಲ್ಲದರ ಮೈಯೂ ಇಂಥವುಗಳಿಂದಲೇ ಆದದ್ದು. ಅದನ್ನು ಕಂಡ ದಿನ ಬೆರಗಿನಲ್ಲಿ ಅವನಿಗೆ ಊಟ ಸೇರಿರಲಿಲ್ಲವಂತೆ. ಈಗ ಮಕ್ಕಳಿಗೆ ತೋರಿಸಬೇಕೆಂದರೆ ಮೂಡಲಗಿಯ ಸಾಲೆಯಲ್ಲಿ ಸೂಕ್ಷ್ಮದರ್ಶಕ ಎಲ್ಲಿಂದ ಬರಬೇಕು? ಕರಿಹಲಗೆಯ ಮೇಲೆ ಚಿತ್ರ ಬರೆದರೆ ಮಕ್ಕಳು ಇಟ್ಟಂಗಿ ಗೋಡೆ ಎಂದರು. ಇದನ್ನು ಕಟ್ಟಿದ ಗೌಂಡಿ ಯಾರು ಎಂದು ಒಬ್ಬ ಕೇಳಿಯೂ ಬಿಟ್ಟ.

"ದೀಪಾವಳಿ ಆದಮ್ಯಾಲ ಸಾಲಿ ತಪಾಸಣಿ ಮಾಡೋ ಡೆಪ್ಯುಟಿ ಸಾಹೇಬರು ಬಂದು ನನ್ನ ಪಾಠ ನೋಡತಾರ" ಎಂದ ಮಾಲಿಂಗಪ್ಪ. "ಅವರು ಚಲೋ ಅಂತ ಬರದರ ನೌಕರಿ ಕಾಯಂ. ಇಲ್ಲಂದ್ರ ಬ್ಯಾರೇದವರು ಬರತಾರ, ನಾ ಗಿರಣಿ ಕೆಲಸಕ್ಕ ಹೋಗಬೇಕ. ಈ ಪೊರಿ ಹೆಂಗೈತೋ ಹಂಗ ನನಗೊಂದು ಕೌದಿ ಹೊಲದು ಕೊಡು. ಹುಡುಗರು ಕೈಲೇ ಮುಟ್ಟಿ ನೋಡಲಿ."

ಬಾಳವ್ವ ಸೂಜಿಯನ್ನು ಸೆರಗಿಗೆ ಚುಚ್ಚಿ ಮಗನ ಮುಖ ನೋಡಿದಳು. ಒಳಗೆ ಕೂತು ಹೊಲಿ ಎಂದ ಬಾಯಿಯೇ ಇದು! ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ತೋರಿಸಿಕೊಳ್ಳಲಿಲ್ಲ, ಅಷ್ಟೇ.

ಕೆಲಸ ಶುರುವಾದದ್ದೇ ತಾಯಿ ಮಗನ ಜಗಳವೂ ಶುರುವಾಯಿತು. ಎಲ್ಲ ತುಂಡೂ ಒಂದೇ ಬಣ್ಣದವು ಬೇಕು ಎಂದ ಮಗ. ಹೆಣಕ್ಕೆ ಹೊದಿಸುತ್ತೀಯೇನು ಎಂದಳು ತಾಯಿ. ಜಗಳ ಬಿಡಿಸಿದವಳು ಬಾಜೂ ಮನೆಯ ಖಾತುನಬಿ. ಅವಳ ಗಂಡ ಬಾಬಾಲಾಲ ದರ್ಜಿ. ಅಂಗಡಿಯಲ್ಲಿ ಉಳಿದ ಮಲಮಲ್ ತುಂಡುಗಳನ್ನೆಲ್ಲ ಅವಳು ತಿಳಿಗುಲಾಬಿ ಬಣ್ಣದಲ್ಲಿ ಅದ್ದಿ ಒಣಗಿಸಿ ತಂದು, "ತಗೋ ಬಾಳವ್ವಕ್ಕಾ, ಉಳ್ಳಾಗಡ್ಡಿ ಬಣ್ಣ ಆತು, ಹೆಣದ ಬಣ್ಣನೂ ಅಲ್ಲ" ಎಂದಳು.

ಚೌಕವಲ್ಲ, ಉದ್ದನೆಯ ತುಂಡುಗಳು. ಎರಡು ಪದರದ ನಡುವೆ ತೆಳ್ಳಗೆ ಹತ್ತಿ. ಸುತ್ತಲೂ ಕರಿದಾರದ ಇಮ್ಮಡಿ ಹೊಲಿಗೆ, ಅದು ಕೋಶದ ಗೋಡೆ. ಒಳಗೊಂದು ಹುಣಸೆಬೀಜವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಕೂರಿಸಬೇಕು, ಅದು ಕೇಂದ್ರ. ಬಾಳವ್ವ ಅದನ್ನು ನಟ್ಟನಡುವೆ ಇಟ್ಟರೆ ಮಗ ಬದಿಗೆ ಸರಿಸಿದ.

"ಕುಂಕುಮ ಹಣೀ ನಡುವ ಹಚ್ಚತಾರೋ, ಕಿವೀ ಬಾಜೂಕ ಹಚ್ಚತಾರೋ?"

"ನಡುವ ನೀರ ತುಂಬಿರತೈತಿ, ಯವ್ವಾ. ಅದು ಇದನ್ನ ಬಾಜೂಕ ದಬ್ಬತೈತಿ."

ಅವಳು ಒಪ್ಪಿ ಬದಿಗೇ ಹೊಲಿದಳು. ಹೊಲಿಯುತ್ತ ಇನ್ನೊಂದು ಮಾತು ಕೇಳಿದಳು.

"ಒಂದೊಂದಕ್ಕೂ ಜೀವ ಐತಿ ಅಂತಿ. ಹಂಗಾರ ಇವು ಉಣತಾವೇನು?"

ಮಗ ಪಾಠದ ಗುಂಗಿನಲ್ಲಿದ್ದ. "ಉಣತಾವಲ್ಲ ಮತ್ತ! ಒಂದೊಂದೂ ತಾನ ಉಣತೈತಿ, ತಾನ ಉಸಿರಾಡತೈತಿ. ಉಣದಿದ್ರ ಸಾಯತೈತಿ" ಎಂದು ಹೇಳಿ ಸಾಲೆಗೆ ನಡೆದ.

ಈಗ ಬಾಳವ್ವನಿಗೆ ಇಕ್ಕಟ್ಟಾಯಿತು. ಇಷ್ಟು ದಿನ ಕೌದಿ ಎಂದರೆ ಅವಳಿಗೆ ಒಂದೇ ಜೀವ, ಒಂದು ಚೂರಿನಲ್ಲಿ ಅದರ ಹೊಟ್ಟೆ ತುಂಬುತ್ತಿತ್ತು. ಇದರಲ್ಲಿ ತುಂಡಿಗೊಂದು ಜೀವ ಎಂದು ಓದಿದ ಮಗನೇ ಹೇಳುತ್ತಿದ್ದಾನೆ. ಮೂಲೆಯದಕ್ಕಷ್ಟೇ ಉಣಿಸಿ ಉಳಿದವನ್ನು ಹಸಿವೆಯಲ್ಲಿ ಬಿಡುವುದು ಯಾವ ನ್ಯಾಯ? ಅದೂ ಮಗನ ಅನ್ನದ ಪ್ರಶ್ನೆಯಿರುವ ಕೌದಿ. ಬುಟ್ಟಿಯಿಂದ ಒಣರೊಟ್ಟಿ ತೆಗೆದು ಚೂರು ಮಾಡಿದಳು. ಬರೀ ರೊಟ್ಟಿ ಯಾಕೆಂದು ಒಂದಿಷ್ಟು ಬೆಲ್ಲ ಸವರಿದಳು. ಒಂದೊಂದು ಕೋಶಕ್ಕೂ ಒಂದೊಂದು ಚೂರು ಇಟ್ಟು ಬಾಯಿ ಮುಚ್ಚಿದಳು. ಮಗನಿಗೆ ಹೇಳಲಿಲ್ಲ. ಹೇಳುವಂಥದ್ದೇನಿದೆ ಅದರಲ್ಲಿ?

ಕೌದಿ ಸಾಲೆಯ ಗೋಡೆಗೇರಿದ ದಿನ ಮಕ್ಕಳು ಮುಗಿಬಿದ್ದರಂತೆ. ಒಬ್ಬೊಬ್ಬರೂ ಬಂದು ಕೋಶದ ಗೋಡೆಯ ಹೊಲಿಗೆಯ ಮೇಲೆ ಬೆರಳಾಡಿಸಿ, ಕೇಂದ್ರವನ್ನು ಹಿಚುಕಿ ಹುಡುಕಿ, ತಮ್ಮ ತಮ್ಮ ಕೋಶಕ್ಕೆ ಹೆಸರಿಟ್ಟುಕೊಂಡು ಹೋದರಂತೆ. ಇಟ್ಟಂಗಿಯ ಮಾತು ಯಾರೂ ಎತ್ತಲಿಲ್ಲ. ಮಾಲಿಂಗಪ್ಪ ಮನೆಗೆ ಬಂದು ಇದನ್ನೆಲ್ಲ ಹೇಳುವಾಗ ಬಾಳವ್ವ ರೊಟ್ಟಿ ಬಡಿಯುತ್ತಿದ್ದಳು. ಅಂದಿನ ರೊಟ್ಟಿ ಎಲ್ಲವೂ ಉಬ್ಬಿದವು.

ದೀಪಾವಳಿಯ ಸೂಟಿ ಬಂತು. ಕೌದಿಯನ್ನು ಮಡಚಿ ಸಾಲೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಸೂಟಿ ಮುಗಿದು, ನಾಳೆ ಡೆಪ್ಯುಟಿ ಸಾಹೇಬರು ಬರುವವರು ಎಂಬ ದಿನ ಕಪಾಟು ತೆಗೆದ ಮಾಲಿಂಗಪ್ಪ ಮಧ್ಯಾಹ್ನಕ್ಕೇ ಮನೆಗೆ ಬಂದ. ಕಂಕುಳಲ್ಲಿದ್ದ ಗಂಟನ್ನು ತಾಯಿಯ ಮುಂದೆ ಒಗೆದ. ಕೌದಿಯ ತುಂಬ ತೂತು. ಹತ್ತಿ ಹೊರಗೆ ಬಿದ್ದಿತ್ತು, ಇಲಿಯ ಹಿಕ್ಕೆ ಉದುರುತ್ತಿತ್ತು.

"ನಕಾಶಿ ಮುಟ್ಟಿಲ್ಲ, ಪುಸ್ತಕ ಮುಟ್ಟಿಲ್ಲ. ಇದನ್ನಷ್ಟ ತಿಂದಾವ. ಇದರಾಗ ಏನ ಹಾಕಿದ್ದಿ, ಯವ್ವಾ?"

ಇಲಿಗೆ ಬಟ್ಟೆಯೂ ರುಚಿ ಎಂದು ಅವಳು ತೇಲಿಸಿಬಿಡಬಹುದಿತ್ತು. ಬಾಳವ್ವನಿಗೆ ಸುಳ್ಳು ಬರುತ್ತಿರಲಿಲ್ಲ.

"ರೊಟ್ಟಿ. ಬೆಲ್ಲಾ ಹಚ್ಚಿ."

 ಮಾಲಿಂಗಪ್ಪನ ಬಾಯಿಂದ ಬರಬಾರದ್ದು ಬಂತು. "ಮಂದಿ ಚಿಂದಿ ಹೊಲಿಯೋ ಬುದ್ಧಿ! ನನ್ನ ಬಾಯಾಗ ಮಣ್ಣ ಹಾಕಿದಿ ನೋಡು." ಹೇಳಿದವನೇ ಹೊರಗೆ ಹೋದ.

ಬಾಳವ್ವ ಅಳಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅಳುತ್ತಲೇ ಕತ್ತರಿ ತೆಗೆದುಕೊಂಡಳು. ಇಲಿ ಕಡಿದ ಕೌದಿಗೆ ಮೇಲೆ ತ್ಯಾಪೆ ಹಚ್ಚುವಂತಿಲ್ಲ. ವಾಸನೆ ಹಿಡಿದು ಇಲಿ ಮತ್ತೆ ಬರುತ್ತದೆ. ಪೂರ್ತಿ ಬಿಚ್ಚಬೇಕು, ಒಗೆಯಬೇಕು, ಮೊದಲಿನಿಂದ ಕೂಡಿಸಬೇಕು. ಖಾತುನಬಿಯೂ ಬಂದು ಕೂತಳು. ಇಬ್ಬರೂ ಸೇರಿ ಕೋಶದಿಂದ ಕೋಶ ಬಿಡಿಸಿದರು. ಕಡಿದವನ್ನು ಬಿಚ್ಚಿ ಒಗೆದು ಒಣಹಾಕಿದರು. ಕಡಿಯದೆ ಉಳಿದವನ್ನೂ ಬಿಚ್ಚಿ ರೊಟ್ಟಿ ತೆಗೆ ಎಂದಳು ಖಾತುನಬಿ. ತುಂಬಿಸಿದ ಹೊಟ್ಟೆಯನ್ನು ತಾನೇ ಬರಿದು ಮಾಡಲು ಬಾಳವ್ವನಿಗೆ ಕೈ ಬರಲಿಲ್ಲ.

ಬೆಳಗಾದರೂ ಕೌದಿ ಕೌದಿಯಾಗಿರಲಿಲ್ಲ, ಬಿಡಿ ತುಂಡುಗಳ ರಾಶಿಯಾಗಿತ್ತು. ಮಾಲಿಂಗಪ್ಪ ತಾಯಿಯ ಕಡೆ ನೋಡದೆ ಇದ್ದಷ್ಟನ್ನು ಬುಟ್ಟಿಗೆ ತುಂಬಿಕೊಂಡು ಹೋದ. ಒದ್ದೆಯಿದ್ದವು ಒಣಗಿದ ಮೇಲೆ ಬಾಳವ್ವ ಅವಸರದಿಂದ ತೂತು ಮುಚ್ಚಿ, ಬಾಯಿ ಹೊಲಿದು, ಸೆರಗಿನಲ್ಲಿ ಕಟ್ಟಿಕೊಂಡು ಸಾಲೆಗೆ ಓಡಿದಳು. ಮಗ ಮಾಸ್ತರನಾದ ಮೇಲೆ ಅವಳು ಸಾಲೆಯ ಪಡಸಾಲೆ ಹತ್ತಿದ್ದು ಅದೇ ಮೊದಲು.

ಒಳಗೆ ಡೆಪ್ಯುಟಿ ಸಾಹೇಬರು ಕುರ್ಚಿಯಲ್ಲಿ ಕೂತಿದ್ದರು. ಬೇರೆ ದಾರಿ ಕಾಣದ ಮಾಲಿಂಗಪ್ಪ ಮಕ್ಕಳ ಕೈಗೆ ಒಂದೊಂದು ತುಂಡು ಕೊಟ್ಟಿದ್ದ. ಅವರು ನೆಲದ ಮೇಲೆ ಒಂದರ ಮಗ್ಗುಲಿಗೆ ಇನ್ನೊಂದನ್ನು ಇಡುತ್ತ, ಇಟ್ಟಾಗೊಮ್ಮೆ ಅದು ಏನೆಂದು ಹೇಳುತ್ತಿದ್ದರು. ನೆಲದ ಮೇಲೆ ಉಳ್ಳಾಗಡ್ಡಿಯ ಪೊರೆ ಬೆಳೆಯುತ್ತಿತ್ತು.

"ಇದು ಗ್ವಾಡಿರಿ, ಇದು ಕೇಂದ್ರರಿ" ಎಂದು ಲಕ್ಕವ್ವ ಎಂಬ ಹುಡುಗಿ ತನ್ನ ತುಂಡು ತೋರಿಸಿದಳು. ಸಾಹೇಬರು ಅದನ್ನು ಕೈಗೆ ತೆಗೆದುಕೊಂಡು ಅಮುಕಿದರು. ಒಳಗೆ ಏನೋ ಕರಕರ ಎಂದಿತು. ಇನ್ನೊಮ್ಮೆ ಅಮುಕಿದರು.

"ಇದರೊಳಗ ಏನೈತ್ರಿ, ಮಾಸ್ತರ?"

ಪಡಸಾಲೆಯಲ್ಲಿ ಬಾಳವ್ವ ಸೆರಗಿನ ಗಂಟನ್ನು ಎದೆಗೆ ಅವುಚಿಕೊಂಡಳು. ಹತ್ತಿಕಾಳು ಎಂದು ಹೇಳಪ್ಪಾ, ಏನಾದರೂ ಅಂದುಬಿಡು, ನನ್ನ ಹೆಸರು ತರಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಅಷ್ಟರಲ್ಲಿ ಮಾಲಿಂಗಪ್ಪ ಬಾಗಿಲ ಕಡೆ ತಿರುಗಿದ. ತಾಯಿ ಕಂಡಳು. ಕೆದರಿದ ತಲೆ, ಸೆರಗಿನ ಗಂಟು, ಕೆಂಪಗಾದ ಕಣ್ಣು.

"ರೊಟ್ಟಿ ಚೂರು ಐತ್ರಿ, ಸಾಹೇಬರ" ಎಂದ. "ನಮ್ಮವ್ವ ಇಟ್ಟಾಳ. ಅಲ್ಲೇ ನಿಂತಾಳ ನೋಡ್ರಿ. ಕೌದಿ ಹೊಲಿಯೋದು ಆಕಿ ಕಸಬು, ಅದರಾಗ ನಾ ಸಾಲಿ ಕಲತೇನ್ರಿ. ಒಂದೊಂದು ಕೋಶಕ್ಕೂ ಜೀವ ಐತಿ, ಉಣತೈತಿ ಅಂತ ನಾನ ಹೇಳಿದ್ದೆ. ಅದನ್ನ ಕೇಳಿದಮ್ಯಾಲ ಉಪವಾಸ ಇಡಾಕ ಆಕಿಗೆ ಮನಸಾಗಲಿಲ್ಲರಿ."

ಮಕ್ಕಳು ಕಿಸಕ್ಕನೆ ನಕ್ಕರು. ಸಾಹೇಬರು ನಗಲಿಲ್ಲ, ಹೊಗಳಲೂ ಇಲ್ಲ. ಕುರ್ಚಿಯಿಂದ ಎದ್ದು, ಬಗ್ಗಿ, ಆ ತುಂಡನ್ನು ಸಾಲಿನಲ್ಲಿ ಅದರ ಜಾಗಕ್ಕೆ ಸರಿಯಾಗಿ ಇಟ್ಟು, ಇನ್ನು ಮಕ್ಕಳಿಗೆ ಲೆಕ್ಕ ಕೇಳೋಣ ಎಂದರು. ಬಾಳವ್ವ ಗಂಟನ್ನು ಹೊಸ್ತಿಲ ಬಳಿ ಇಟ್ಟು ಮನೆಗೆ ಬಂದಳು.

ಸಾಹೇಬರು ಏನು ಬರೆದುಕೊಂಡು ಹೋದರೋ ಯಾರಿಗೂ ತಿಳಿಯಲಿಲ್ಲ. ಸಂಕ್ರಾಂತಿ ಬಂತು, ಹೋಯಿತು. ತಾಯಿ ಮಗ ಅದರ ಮಾತು ಎತ್ತುತ್ತಿರಲಿಲ್ಲ. ಆಡಿದ ಮಾತಿಗೆ ಮಾಲಿಂಗಪ್ಪ ತಪ್ಪಾಯಿತು ಎನ್ನಲಿಲ್ಲ, ಬಾಳವ್ವ ಕೇಳಲೂ ಇಲ್ಲ. ಒಳಗೆ ಕೂತು ಹೊಲಿ ಎಂಬ ಮಾತು ಮಾತ್ರ ಅಂದಿನಿಂದ ನಿಂತುಹೋಯಿತು.

ಹೋಳಿಗೆ ಮುಂಚೆ ನೌಕರಿ ಕಾಯಂ ಆದ ಹುಕುಂ ಬಂತು. ಮಗ ಅದನ್ನು ಓದಿ ಹೇಳಿದಾಗ ಬಾಳವ್ವ ಕೌಜಲಗಿಯವರೊಬ್ಬರ ಕೌದಿ ಮುಗಿಸುತ್ತ ಕಟ್ಟೆಯ ಮೇಲಿದ್ದಳು. "ಚಲೋ ಆತು, ಉಣ್ಣ ನಡಿ" ಎಂದಳು. ಮಾಲಿಂಗಪ್ಪ ಗಂಗಾಳ ತಂದು ಓಣಿಯ ಜನ ನೋಡುವಂತೆ ಅವಳ ಬಾಜೂಕೇ ಕೂತು ಉಣ್ಣತೊಡಗಿದ. ಬಾಳವ್ವ ಕೊನೆಯ ಮೂಲೆಗೆ ಬಂದಿದ್ದಳು. ರೊಟ್ಟಿ ತರಲು ಏಳಬೇಕೆನ್ನುವಷ್ಟರಲ್ಲಿ ಮಗ ತನ್ನ ಗಂಗಾಳದ ರೊಟ್ಟಿಯಿಂದ ಒಂದು ಚೂರು ಮುರಿದು ಅವಳ ಮುಂದೆ ಹಿಡಿದ.

ಅವಳು ಇಸಿದುಕೊಂಡು ಮೂಲೆಯಲ್ಲಿಟ್ಟು ಹೊಲಿದಳು.